ತೆಂಗಿನ ಮರವೇರುವವರ ಕಸುಬು ಮತ್ತು ಸುರಕ್ಷತೆ

ತೆಂಗಿನ ಮರವೇರುವುದನ್ನು ಸ್ವಂತ ಉದ್ಯೋಗವಾಗಿಸಿಕೊಂಡವರು ಕಾಯಿ ಕೀಳುವುದರ ಜೊತೆಗೆ ಮರದ ಆರೈಕೆಯನ್ನೂ ಮಾಡುತ್ತಾರೆ. ಒಣಗಿದ ಗರಿಗಳನ್ನು ತೆಗೆಯುವುದು, ಸುಳಿ ಕೊರೆಯುವ ಕುರುವಾಯಿ ದುಂಬಿಯನ್ನು ಕಬ್ಬಿಣದ ಕೊಕ್ಕೆಯಿಂದ ಹೊರಗೆಳೆಯುವುದು, 250 ಗ್ರಾಂ ಬೇವಿನ ಹಿಂಡಿಯ ಪುಡಿಗೆ ಅಷ್ಟೇ ಮರಳು ಬೆರೆಸಿ ಮೇಲಿನ ಗರಿಗಳ ಬುಡದಲ್ಲಿ ತುಂಬುವುದು ಇವುಗಳಲ್ಲಿ ಮುಖ್ಯವಾದವು.

ಕತ್ತಿ ಹಾಗೂ ಪಾದಗಳಿಗೆ ತೊಡುವ ಹಗ್ಗದ ತಳೆ ಇವರ ಪರಂಪರಾಗತ ಸಾಧನಗಳು. ಈಗ ಮರವೇರುವ ಯಂತ್ರವೂ ಬಳಕೆಯಲ್ಲಿದೆ. ತೆಂಗು ಅಭಿವೃದ್ಧಿ ಮಂಡಳಿಯು ಇದರ ಬಳಕೆಯ ತರಬೇತಿ ಕಾರ್ಯಕ್ರಮವನ್ನು 2011ರಲ್ಲಿ ಆರಂಭಿಸಿತು.

ಮರವೊಂದಕ್ಕೆ ಇಂತಿಷ್ಟೆಂದು ಕೂಲಿ ಪಡೆಯುವ ಇವರು ಬಿದ್ದು ಗಾಯಗೊಂಡರೆ ಅಂದಿನಿಂದಲೇ ಸಂಪಾದನೆ ನಿಲ್ಲುತ್ತದೆ. ಆದುದರಿಂದ ಸುರಕ್ಷಾ ಪಟ್ಟಿಯನ್ನು ತಪ್ಪದೆ ಧರಿಸಬೇಕು, ಮಳೆಯಲ್ಲಿ ಮರವೇರಬಾರದು, ಮಂಡಳಿಯ ‘ಕೇರ ಸುರಕ್ಷಾ’ ಅಪಘಾತ ವಿಮೆಯನ್ನು ಮಾಡಿಸಿ, ಅವಧಿ ಮುಗಿಯುವ ಮೊದಲೇ ನವೀಕರಿಸಿಕೊಳ್ಳಬೇಕು. ಕತ್ತಿಯಷ್ಟೇ ವಿಮೆಯೂ ಈ ಕಸುಬಿನ ಅವಶ್ಯಕ ಸಾಧನವೆಂದು ತಿಳಿಯತಕ್ಕದ್ದು.