ಮಗುವಿನ ಆಟದ ಹಲಗೆಗೆ ಯಾವ ಮರ, ಯಾವ ಬಣ್ಣ?



ಸುಗ್ಗಿ ಮುಗಿದ ಮೇಲೆ ಕೈಗೆ ಸ್ವಲ್ಪ ಬಿಡುವು ಸಿಕ್ಕುತ್ತದೆ. ಈ ಬಿಡುವಿನಲ್ಲಿ ಮನೆಯ ಮಕ್ಕಳಿಗೂ ಊರಿನ ಅಂಗನವಾಡಿಗೂ ಮರದ ಜೋಡಣೆ ಆಟಿಕೆಗಳನ್ನು ಮಾಡಿಕೊಡಬಹುದು. ಹಲಗೆಯ ಮೇಲೆ ಹಸುವಿನ ಚಿತ್ರ ಬರೆದು ಅದನ್ನು ಆರು ತುಂಡುಗಳಾಗಿ ಕೊಯ್ದುಕೊಟ್ಟರೆ, ಮಗು ಅವನ್ನು ಕೂಡಿಸಿ ಮತ್ತೆ ಹಸುವನ್ನು ಮಾಡುತ್ತದೆ. ಕೈ, ಕಣ್ಣು, ಬುದ್ಧಿ ಮೂರಕ್ಕೂ ಇದು ಒಳ್ಳೆಯ ಅಭ್ಯಾಸ. ಆದರೆ ಚಿಕ್ಕ ಮಗು ಕೈಗೆ ಬಂದದ್ದನ್ನೆಲ್ಲ ಬಾಯಿಗಿಡುತ್ತದೆ. ಆದುದರಿಂದ ಮರವನ್ನೂ ಬಣ್ಣವನ್ನೂ ಆರಿಸುವಾಗ, ಇದು ಮಗುವಿನ ಬಾಯಿಗೆ ಹೋಗತಕ್ಕ ವಸ್ತುವೆಂದೇ ತಿಳಿಯಬೇಕು.

೧. ಮರದ ಆಯ್ಕೆ

ಚನ್ನಪಟ್ಟಣದ ಆಟಿಕೆಗಾರರು ತಲೆಮಾರುಗಳಿಂದ ಬಳಸುತ್ತಿರುವುದು ಹಾಲೆ ಮರ. ಇದನ್ನು ಆಲೆ ಮರವೆಂದೂ ಕರೆಯುವರು. ಇದು ಬಿಳುಪಾದ, ನಯವಾದ ಎಳೆಯ ಮರ. ಕೊಯ್ಯಲು ಸುಲಭ, ಸಿಬಿರು ಏಳುವುದು ಕಡಿಮೆ. ಹಾಲೆ ಸಿಕ್ಕದಿದ್ದರೆ ಚೆನ್ನಾಗಿ ಒಣಗಿದ ಹಲಸಿನ ಹಲಗೆ ಆದೀತು.

ಇವು ಬೇಡ: ಕಣಗಿಲೆ, ಏಕೆಂದರೆ ಅದರ ಎಲ್ಲ ಭಾಗವೂ ವಿಷ. ಗೇರು, ಕರಿಗೇರು ಬೇಡ. ಅವುಗಳ ರಸ ಚರ್ಮವನ್ನು ಸುಡುತ್ತದೆ. ಹಳೆಯ ಬಾಗಿಲು ಕಿಟಕಿಗಳ ಬಣ್ಣ ಬಳಿದ ಹಲಗೆ ಬೇಡ. ಹುಳು ಹಿಡಿಯದಂತೆ ಔಷಧಿ ಹಾಕಿದ ಪೆಟ್ಟಿಗೆಯ ಹಲಗೆಯೂ ಬೇಡ.

ಹೊಲದ ಮರವಾದರೂ ಕಡಿಯುವ ಮೊದಲು ಅನುಮತಿ ಬೇಕೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿರಿ.

೨. ಒಣಗಿಸುವುದು

ಹಸಿ ಮರ ಒಣಗುತ್ತ ಕುಗ್ಗುತ್ತದೆ. ಅದೂ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು. ಆಗ ತುಂಡುಗಳು ಸಡಿಲವಾಗುತ್ತವೆ, ಇಲ್ಲವೆ ಸೊಟ್ಟಗಾಗುತ್ತವೆ. ಹಲಗೆಗಳನ್ನು ನೆರಳಿನಲ್ಲಿ, ಗಾಳಿಯಾಡುವಂತೆ ನಡುನಡುವೆ ಪಟ್ಟಿಗಳನ್ನಿಟ್ಟು ಪೇರಿಸಿರಿ. ತುದಿಗಳು ಸೀಳದಂತೆ ಮೇಣ ಸವರಿರಿ. ಒಂದು ಹಲಗೆಯನ್ನು ವಾರಕ್ಕೊಮ್ಮೆ ತೂಗಿ ನೋಡಿರಿ. ತೂಕ ಇಳಿಯುವುದು ನಿಂತಾಗ ಮರ ಒಣಗಿತೆಂದು ತಿಳಿಯಿರಿ.

೩. ಕೊಯ್ಯುವುದು

ಎಳೆಗೆ ಅಡ್ಡವಾಗಿ ಸಣ್ಣ ಕತ್ತು ಬಿಟ್ಟರೆ ಅದು ಬೇಗ ಮುರಿಯುತ್ತದೆ, ಅಗಲವಾಗಿ ಬಿಡಿರಿ. ಮೂರು ವರ್ಷದೊಳಗಿನ ಮಗುವಿಗೆ ಎರಡೂವರೆ ಅಂಗುಲಕ್ಕಿಂತ ಸಣ್ಣ ತುಂಡು ಮಾಡಬಾರದು, ಗಂಟಲಿಗೆ ಸಿಕ್ಕಿಕೊಂಡೀತು. ಅಂಚುಗಳನ್ನೆಲ್ಲ ಉಪ್ಪುಕಾಗದದಿಂದ ತಿಕ್ಕಿ ದುಂಡಗೆ ಮಾಡಿರಿ. ತಿಕ್ಕುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರಿ.

೪. ಬಣ್ಣ ಮತ್ತು ಮೆರುಗು

ಹೆಚ್ಚು ಅಪಾಯವಿರುವುದು ಇಲ್ಲಿಯೇ. ಕೆಲವು ಬಣ್ಣಗಳಲ್ಲಿ ಸೀಸವಿರುತ್ತದೆ. ಸೀಸ ಸ್ವಲ್ಪವೇ ಹೊಟ್ಟೆಗೆ ಹೋದರೂ ಮಗುವಿನ ಮೆದುಳಿಗೆ ಕೆಡುಕು. ಕಲಿಯುವ ಶಕ್ತಿ ಕುಂದುತ್ತದೆ, ಕುಂದಿದ್ದು ಮರಳಿ ಬರುವುದಿಲ್ಲ. ೨೦೧೬ರ ಕೇಂದ್ರ ಸರ್ಕಾರದ ನಿಯಮದಂತೆ ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ ೯೦ ಭಾಗಕ್ಕಿಂತ ಹೆಚ್ಚು ಸೀಸವಿರಬಾರದು. ಈ ಮಿತಿ ೨೦೧೭ರ ನವೆಂಬರಿನಿಂದ ಜಾರಿಯಲ್ಲಿದೆ. ಆದರೆ ಯಂತ್ರಗಳಿಗೆ ಬಳಿಯುವ ಕೈಗಾರಿಕಾ ಬಣ್ಣ ಈ ನಿಯಮಕ್ಕೆ ಸೇರಿಲ್ಲ. ಆದುದರಿಂದ ಟ್ರಾಕ್ಟರಿಗೆ, ಗೇಟಿಗೆ ಬಳಿದು ಉಳಿದ ಬಣ್ಣವನ್ನು ಆಟಿಕೆಗೆ ಎಂದೂ ಬಳಿಯಬೇಡಿರಿ. ಅಂಗಡಿಯ ಸಿಂಧೂರವೂ ಬೇಡ, ಅದರಲ್ಲಿಯೂ ಸೀಸವಿರುವುದುಂಟು.

ಚನ್ನಪಟ್ಟಣದಲ್ಲಿ ಲೇತ್ ಯಂತ್ರದ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುವರು. ಉಜ್ಜುವ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಚಪ್ಪಟೆ ಹಲಗೆ ಹಾಗೆ ತಿರುಗುವುದಿಲ್ಲವಾದ್ದರಿಂದ ನಮಗೆ ಬೇರೆ ದಾರಿ ಬೇಕು.

ಚಿತ್ರದ ಗೆರೆಗಳನ್ನು ಕಾದ ಕಬ್ಬಿಣದ ಸಲಾಕೆಯಿಂದ ಸುಟ್ಟು ಮೂಡಿಸಿರಿ, ಬಣ್ಣವೇ ಬೇಡ. ಮೆರುಗಿಗೆ ನಾಲ್ಕು ಪಾಲು ಶುದ್ಧ ಅಗಸೆ ಎಣ್ಣೆ, ಒಂದು ಪಾಲು ಜೇನುಮೇಣ ಸಾಕು. ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಮೇಣ ಕರಗಿಸಿರಿ. ನೇರವಾಗಿ ಉರಿಯ ಮೇಲಿಡಬೇಡಿರಿ. ಬಟ್ಟೆಯಿಂದ ತೆಳುವಾಗಿ ಸವರಿ, ಹೆಚ್ಚಾದುದನ್ನು ಒರೆಸಿ, ಬೆರಳಿಗೆ ಜಿಡ್ಡು ಹತ್ತದಷ್ಟು ದಿನ ಗಾಳಿಗಿಡಿರಿ. ಬಣ್ಣದಂಗಡಿಯಲ್ಲಿ ಮಾರುವ ಕಾಯಿಸಿದ ಅಗಸೆ ಎಣ್ಣೆ ಬೇಡ. ಬೇಗ ಒಣಗಲೆಂದು ಅದರಲ್ಲಿ ಲೋಹದ ಲವಣ ಬೆರೆಸಿರುತ್ತಾರೆ. ಕಡಲೆಕಾಯಿ ಎಣ್ಣೆಯೂ ಬೇಡ. ಅದು ಒಣಗದೆ ಕಮಟುತ್ತದೆ.

ಎಚ್ಚರಿಕೆ! ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದು. ಹುಲ್ಲಿನ ಬಣವೆಯ ಹತ್ತಿರವಂತೂ ಇಡಲೇಬಾರದು. ಬಟ್ಟೆಯನ್ನು ನೀರಿನಲ್ಲಿ ಅದ್ದಿಡಿರಿ, ಇಲ್ಲವೆ ಬಯಲಿನಲ್ಲಿ ಬಿಡಿಸಿ ಹರವಿರಿ.

೫. ಮಾರುವವರಿಗೆ

೨೦೨೧ರ ಜನವರಿ ೧ರಿಂದ ಮಾರಾಟದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ವಿನಾಯಿತಿ ಉಂಟು. ಸಂತೆಗೆ ಒಯ್ಯುವ ಮೊದಲು ನೋಂದಣಿ ಮಾಡಿಸಿಕೊಳ್ಳಿರಿ.

ಯೋಚಿಸಿ ಹೇಳಿರಿ

(ಅ) ನಿಮ್ಮ ಹೊಲದ ಬದುವಿನಲ್ಲಿರುವ ಯಾವ ಮರ ಆಟಿಕೆಗೆ ಆದೀತು? ಯಾವುದು ಆಗದು?
(ಆ) ಹಲಗೆ ಒಣಗಿತೆಂದು ಹೇಗೆ ತಿಳಿಯುವಿರಿ?
(ಇ) ನಿಮ್ಮ ಮನೆಯ ಅಟ್ಟದ ಮೇಲಿರುವ ಹಳೆಯ ಬಣ್ಣದ ಡಬ್ಬಿ ಯಾವುದಕ್ಕಾಗಿ ತಂದದ್ದು?