ಎಲ್ಲರೆದುರು ಎದ್ದು ನಿಲ್ಲಿಸಬೇಡಿರಿ

ಉಪಾಧ್ಯಾಯ ಮಹಾಶಯರೇ,

ಮನೆಯಲ್ಲಿ ಮಾಡಿತಂದ ಲೆಕ್ಕಗಳಲ್ಲಿ ತಪ್ಪೇ ಇಲ್ಲದ ನಿಮ್ಮ ಒಂಬತ್ತನೆಯ ತರಗತಿಯ ಆ ಮುಸ್ಲಿಂ ಬಾಲಿಕೆ ಪರೀಕ್ಷೆಯಲ್ಲಿ ಮಾತ್ರ ತಡವರಿಸುವಳೆಂದೂ, ಅದು ಹೆತ್ತವರ ಔದಾಸೀನ್ಯದ ಫಲವಿರಬೇಕೆಂದೂ ಬರೆದಿರುವಿರಿ. ಎರಡನೆಯ ಮಾತನ್ನು ನಾನು ಒಪ್ಪಲಾರೆ. ಏಕೆಂದರೆ ವಿದ್ಯಾರ್ಥಿವೇತನದ ಅರ್ಜಿ ಬಂದಾಗಲೆಲ್ಲ ‘ಅಲ್ಪಸಂಖ್ಯಾತರೆಲ್ಲ ಎದ್ದು ನಿಲ್ಲಿ’ ಎನ್ನುವ ವಾಡಿಕೆಯನ್ನು ನೀವೇ, ಪ್ರಾಸಂಗಿಕವಾಗಿ, ತಿಳಿಸಿರುವಿರಿ; ಅವಳ ತಡವರಿಕೆಗೆ ಅದೇ ಕಾರಣವಿರಬಹುದು.

ಸಂಶೋಧಕಿಯರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆಯವರು ಉತ್ತರಪ್ರದೇಶದ ಹಳ್ಳಿಯ ಬಾಲಕರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟು ನಡೆಸಿ, 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜಾತಿಯ ಸುದ್ದಿಯೆತ್ತದಿದ್ದಾಗ ಮೇಲುಜಾತಿಯವರಿಗೆ ಸರಿಸಮವಾಗಿದ್ದ ಕೆಳಜಾತಿಯ ಹುಡುಗರು, ಹೆಸರಿನೊಡನೆ ಜಾತಿಯನ್ನೂ ಎಲ್ಲರೆದುರು ಸಾರಿದಾಗ ಹಿಂದೆ ಬಿದ್ದರು. ಹಾಗೆಯೇ, ತನ್ನೊಬ್ಬಳ ತಪ್ಪು ತನ್ನವರೆಲ್ಲರ ತಪ್ಪಾಗಿ ಎಣಿಸಲ್ಪಡುವುದೆಂಬ ಅಂಜಿಕೆ ನಿಮ್ಮ ಬಾಲಿಕೆಯ ಕೈಯನ್ನೂ ಕಟ್ಟಿಹಾಕಬಹುದು. ಇತ್ತ, ಅವಳು ಚೆನ್ನಾಗಿ ಓದುವುದನ್ನು ಕಂಡು ಓಣಿಯ ಗೆಳತಿಯರು ‘ನೀನೀಗ ಅವರವಳಾದೆ’ ಎಂದು ಹಂಗಿಸುತ್ತಲೂ ಇರಬಹುದು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದವಳಾದರೆ ಭಾಷೆಯ ತೊಡಕು ಬೇರೆ.

ಅರ್ಜಿಗಳನ್ನು ಕಚೇರಿಯಲ್ಲಿ ಒಬ್ಬೊಬ್ಬರಿಗೇ ಕೊಡಿರಿ. ಉತ್ತರಪತ್ರಿಕೆಯ ಮೇಲೆ ‘ಪರವಾಗಿಲ್ಲ’ ಎಂಬ ಕರುಣೆಯ ಷರಾ ಬರೆಯದೆ, ಯಾವ ಹಂತದಲ್ಲಿ ಎಡವಿದಳೆಂದು ಗುರುತುಮಾಡಿ, ಮುಂದೆ ಇನ್ನೂ ಕಠಿಣವಾದ ಲೆಕ್ಕವನ್ನೇ ಕೊಡಿರಿ. ತಂದೆಯವರನ್ನು ದೂರು ಹೇಳಲೆಂದು ಕರೆಸುವ ಮೊದಲು, ಅವಳು ಚೆನ್ನಾಗಿ ಬರೆದ ದಿನ ಕರೆಸಿ, ಆ ನೋಟುಪುಸ್ತಕವನ್ನು ಅವರ ಕೈಗೆ ಕೊಡಿರಿ.