ಎತ್ತರದ ದುಡಿಮೆ ಮತ್ತು ರಕ್ಷಣೆಯ ಹಗ್ಗ

ಮರದ ಫಲವನ್ನು ಕೊಯ್ಯುವುದಕ್ಕಾಗಲಿ, ಮನೆಗೆ ಮಾಡು ಹೊದಿಸುವುದಕ್ಕಾಗಲಿ, ದೇಗುಲದ ಗೋಪುರವನ್ನು ಕಟ್ಟುವುದಕ್ಕಾಗಲಿ ಮನುಷ್ಯನು ನೆಲವನ್ನು ಬಿಟ್ಟು ಮೇಲೇರಲೇ ಬೇಕಾಯಿತು. ಏರಿದವನು ಬೀಳಬಹುದೆಂಬ ಭಯವೂ ಅಷ್ಟೇ ಹಳೆಯದು. ಯಾರಾದರೂ ಬಿದ್ದರೆಂದು ಕೇಳಿದೊಡನೆ ‘ಅವನ ಹಣೆಬರಹ’ ಎಂದು ನಿಟ್ಟುಸಿರು ಬಿಡುವುದು ನಮ್ಮಲ್ಲಿ ರೂಢಿ. ಆದರೆ ಬೀಳುವಿಕೆಯು ವಿಧಿಯ ಆಟವಲ್ಲ. ಅದು ಅಳೆಯಬಹುದಾದ, ಬಹುಮಟ್ಟಿಗೆ ತಡೆಯಬಹುದಾದ ಸಂಗತಿ. ಅದನ್ನು ತಡೆಯುವ ಸಾಧನಗಳು ಯಾವುವು, ಅವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಸೋಲುತ್ತವೆ ಎಂಬುದನ್ನು ಈ ಲೇಖನದಲ್ಲಿ ಸ್ಥೂಲವಾಗಿ ವಿಚಾರಿಸೋಣ.

ಮೊದಲು ಬೀಳುವಿಕೆಯ ಲೆಕ್ಕ. ೨ ಮೀಟರ್ ಎತ್ತರದ ಸಾರುವೆಯಿಂದ ಜಾರಿದವನು ಸೆಕೆಂಡಿನ ಮೂರನೆಯ ಎರಡು ಭಾಗದೊಳಗೆ ನೆಲ ಮುಟ್ಟುತ್ತಾನೆ. ಆಗ ಅವನ ವೇಗ ಗಂಟೆಗೆ ಸುಮಾರು ೨೨ ಕಿಲೋಮೀಟರ್. ೧೦ ಮೀಟರಿನಿಂದ ಬಿದ್ದರೆ ವೇಗವು ೫೦ ಕಿಲೋಮೀಟರಿಗೆ ಏರುತ್ತದೆ. ಹಿಡಿಯುವ ಕಾಲವು ಒಂದೂವರೆ ಸೆಕೆಂಡೂ ಅಲ್ಲ. ಇಷ್ಟರೊಳಗೆ ಕೈಚಾಚಿ ಏನನ್ನಾದರೂ ಹಿಡಿದುಕೊಳ್ಳುವೆನೆಂಬುದು ಬರಿಯ ಭ್ರಮೆ.

ಆದರೆ ದೇಹವನ್ನು ಮುರಿಯುವುದು ವೇಗವಲ್ಲ, ಆ ವೇಗವು ಥಟ್ಟನೆ ನಿಲ್ಲುವ ರೀತಿ. ೨ ಮೀಟರ್ ಬಿದ್ದವನನ್ನು ಹಗ್ಗವೊಂದು ೧೦ ಸೆಂಟಿಮೀಟರಿನೊಳಗೆ ತಡೆದು ನಿಲ್ಲಿಸಿತೆನ್ನೋಣ. ಆಗ ಅವನ ಮೈಮೇಲೆ ಅವನ ತೂಕದ ಸುಮಾರು ೨೧ ಪಟ್ಟು ಸೆಳೆತ ಬೀಳುತ್ತದೆ. ಅದೇ ಹಗ್ಗವು ಸಡಿಲುತ್ತ ಸಡಿಲುತ್ತ ೧ ಮೀಟರಿನ ದೂರದಲ್ಲಿ ನಿಲ್ಲಿಸಿದರೆ ಸೆಳೆತ ೩ ಪಟ್ಟು ಮಾತ್ರ. ರಕ್ಷಣಾ ಸಾಧನಗಳ ಗುಟ್ಟು ಬಹುಪಾಲು ಈ ಲೆಕ್ಕದಲ್ಲಿಯೇ ಅಡಗಿದೆ. ಬಾವಿಯ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡವನು ನೆಲಕ್ಕೆ ಬೀಳದಿದ್ದರೂ ಬೆನ್ನೆಲುಬು ಮುರಿದುಕೊಳ್ಳಬಹುದು.

ಹಿಂದೆ ಸೊಂಟದ ಬೆಲ್ಟೇ ದೊಡ್ಡ ರಕ್ಷಣೆಯೆನಿಸಿತ್ತು. ಅದರಲ್ಲಿ ಸೆಳೆತವೆಲ್ಲ ಹೊಟ್ಟೆ ಮತ್ತು ಬೆನ್ನೆಲುಬಿನ ಮೇಲೆ ಬೀಳುತ್ತಿತ್ತು; ತಲೆಕೆಳಗಾದವನು ಅದರಿಂದ ನುಣುಚಿಕೊಳ್ಳುವ ಅಪಾಯವೂ ಇತ್ತು. ಆದುದರಿಂದಲೇ ಅಮೆರಿಕದಲ್ಲಿ ೧೯೯೮ರ ಜನವರಿ ೧ರಿಂದ, ಬೀಳುವವನನ್ನು ತಡೆದು ನಿಲ್ಲಿಸುವ ಕೆಲಸಕ್ಕೆ ಬರಿಯ ಸೊಂಟಪಟ್ಟಿಯನ್ನು ಬಳಸಕೂಡದೆಂದು ನಿಯಮವಾಯಿತು. ಅದರ ಸ್ಥಾನಕ್ಕೆ ಬಂದುದು ಇಡೀ ಮೈಗೆ ತೊಡುವ ಹಾರ್ನೆಸ್. ಅದರ ಪಟ್ಟಿಗಳು ಹೆಗಲು, ಎದೆ, ತೊಡೆಗಳನ್ನು ಬಳಸಿರುವುದರಿಂದ ಸೆಳೆತವು ಗಟ್ಟಿಯಾದ ಅಂಗಗಳಿಗೆ ಹಂಚಿಹೋಗುತ್ತದೆ. ಹಗ್ಗವನ್ನು ಸಿಕ್ಕಿಸುವ ಉಂಗುರವು ಬೆನ್ನಿನ ಮೇಲ್ಭಾಗದಲ್ಲಿರುವುದರಿಂದ ಬಿದ್ದವನು ತಲೆ ಮೇಲಾಗಿಯೇ ತೂಗುತ್ತಾನೆ. ಹಗ್ಗದೊಡನೆ ಮಡಿಚಿ ಹೊಲಿದ ಪಟ್ಟಿಯೊಂದು ಇರುತ್ತದೆ. ಜೋರಾಗಿ ಸೆಳೆದಾಗ ಅದರ ಹೊಲಿಗೆಗಳು ಒಂದೊಂದಾಗಿ ಬಿಚ್ಚುತ್ತ ಪೆಟ್ಟನ್ನು ತಾವು ನುಂಗುತ್ತವೆ. ಒಮ್ಮೆ ಬಿಚ್ಚಿದ ಪಟ್ಟಿಯನ್ನು ಮತ್ತೆ ಬಳಸುವಂತಿಲ್ಲ. ನಮ್ಮ ದೇಶದಲ್ಲಿ ಇಂತಹ ಬೆಲ್ಟು, ಹಾರ್ನೆಸ್‌ಗಳಿಗೆ ಐ.ಎಸ್. ೩೫೨೧ ಎಂಬ ಮಾನಕವಿದೆ.

ಇಷ್ಟಿದ್ದರೂ ಸಾಲದು. ಹಾರ್ನೆಸ್ ಎಷ್ಟು ಉತ್ತಮವಾಗಿದ್ದರೂ ಅದರ ಹಗ್ಗವನ್ನು ಕಟ್ಟಿದ ಆಧಾರವು ಗಟ್ಟಿಯಿಲ್ಲದಿದ್ದರೆ ಅದು ಒಂದು ಅಲಂಕಾರ ಮಾತ್ರ. ಸಾರುವೆಯ ಬಿದಿರು, ನೀರಿನ ಕೊಳವೆ, ಕಿಟಕಿಯ ಚೌಕಟ್ಟು ಇವು ಬೀಳುವ ಮನುಷ್ಯನ ಸೆಳೆತವನ್ನು ತಡೆಯಲಾರವು. ಅಮೆರಿಕದ ನಿಯಮದಲ್ಲಿ ಒಬ್ಬ ಕೆಲಸಗಾರನ ಆಧಾರವು ೫,೦೦೦ ಪೌಂಡು, ಎಂದರೆ ಸುಮಾರು ೨,೨೭೦ ಕಿಲೋಗ್ರಾಂ ಭಾರವನ್ನು ತಾಳಬೇಕೆಂದಿದೆ. ಇನ್ನು ಆಧಾರದ ಕೆಳಗೆ ಎಷ್ಟು ಜಾಗವಿರಬೇಕು? ಹಗ್ಗದ ಉದ್ದ ೧.೮ ಮೀಟರ್, ಪಟ್ಟಿ ಬಿಚ್ಚಿಕೊಳ್ಳಲು ಸುಮಾರು ೧ ಮೀಟರ್, ಬೆನ್ನಿನ ಉಂಗುರದಿಂದ ಪಾದದವರೆಗೆ ಒಂದೂವರೆ ಮೀಟರ್, ಮೇಲೆ ೧ ಮೀಟರ್ ಎಚ್ಚರಿಕೆಗೆ—ಹೀಗೆ ಐದು ಮೀಟರಿಗೂ ಮಿಕ್ಕಿ ಬೇಕಾಗುತ್ತದೆ. ಒಂದಂತಸ್ತಿನ ಮನೆಯ ಸೂರಿನ ಮೇಲೆ ನಿಂತು ಕಾಲಬುಡದಲ್ಲಿ ಹಗ್ಗ ಕಟ್ಟಿಕೊಂಡವನನ್ನು ಆ ಹಗ್ಗ ತಡೆಯುವ ಮೊದಲೇ ನೆಲ ತಡೆದಿರುತ್ತದೆ. ಆದುದರಿಂದ ಹಗ್ಗವನ್ನು ತಲೆಯ ಮೇಲುಗಡೆ ಕಟ್ಟುವುದೇ ಸರಿ. ತೂಗುತ್ತಿರುವವನನ್ನು ಕೂಡಲೇ ಇಳಿಸುವ ಏರ್ಪಾಡೂ ಬೇಕು. ಅಲುಗಾಡದೆ ತೂಗುತ್ತಿದ್ದರೆ ರಕ್ತವು ಕಾಲುಗಳಲ್ಲಿ ನಿಂತು, ಸ್ವಲ್ಪ ಹೊತ್ತಿನಲ್ಲಿಯೇ ಪ್ರಾಣಕ್ಕೆ ಅಪಾಯವಾಗಬಹುದು.

ವ್ಯಕ್ತಿಯ ಮೈಗೆ ಕಟ್ಟುವ ಸಾಧನಕ್ಕಿಂತ ಕೆಲಸದ ಸ್ಥಳಕ್ಕೇ ಒದಗಿಸುವ ಸಾಧನವು ಮೇಲೆಂಬುದಕ್ಕೆ ಇತಿಹಾಸದಲ್ಲಿ ಪ್ರಸಿದ್ಧ ನಿದರ್ಶನವಿದೆ. ಸಾನ್ ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಸೇತುವೆಯ ಕೆಲಸ ೧೯೩೩ರಲ್ಲಿ ಆರಂಭವಾಗಿ ೧೯೩೭ರಲ್ಲಿ ಮುಗಿಯಿತು. ಹತ್ತು ಲಕ್ಷ ಡಾಲರು ಖರ್ಚಿಗೆ ಒಂದು ಜೀವ ಹೋಗುವುದು ಸಹಜವೆಂದು ಆ ಕಾಲದ ಕಟ್ಟಡದವರು ಲೆಕ್ಕ ಹಾಕುತ್ತಿದ್ದರು. ಮುಖ್ಯ ಇಂಜಿನಿಯರ್ ಜೋಸೆಫ್ ಸ್ಟ್ರಾಸ್ ಅವರು ಆ ಲೆಕ್ಕವನ್ನು ಒಪ್ಪದೆ, ಒಂದು ಲಕ್ಷ ಡಾಲರಿಗೂ ಹೆಚ್ಚು ವೆಚ್ಚಮಾಡಿ ಸೇತುವೆಯ ಅಡಿಯಲ್ಲಿ ಬಲೆಯನ್ನು ಕಟ್ಟಿಸಿದರು. ಅದರಲ್ಲಿ ಬಿದ್ದು ೧೯ ಮಂದಿ ಬದುಕಿಕೊಂಡರು. ಆದರೆ ೧೯೩೭ರ ಫೆಬ್ರುವರಿ ೧೭ರಂದು ಭಾರವಾದ ಅಟ್ಟಣೆಯೊಂದು ಕಳಚಿಬಿದ್ದು ಬಲೆಯನ್ನೇ ಹರಿದುಕೊಂಡು ಹೋಯಿತು. ಹತ್ತು ಜನ ತೀರಿಕೊಂಡರು. ಬಲೆಯು ಮನುಷ್ಯನನ್ನು ತಾಳುತ್ತದೆಯೇ ಹೊರತು ಕೆಟ್ಟ ಜೋಡಣೆಯನ್ನಲ್ಲ ಎಂಬುದು ಇದರ ಪಾಠ.

ಇವೆಲ್ಲವನ್ನೂ ನೋಡಿ ಬಲ್ಲವರು ಒಂದು ಕ್ರಮವನ್ನು ಹೇಳಿದ್ದಾರೆ. ಸಾಧ್ಯವಾದರೆ ಕೆಲಸವನ್ನು ನೆಲದ ಮೇಲೆಯೇ ಮಾಡತಕ್ಕದ್ದು. ಅದಾಗದಿದ್ದರೆ ಅಂಚಿಗೆ ಕಟಕಟೆ ಹಾಕತಕ್ಕದ್ದು. ಅದೂ ಆಗದಿದ್ದರೆ ಬಲೆ ಅಥವಾ ಹಾರ್ನೆಸ್. ನಮ್ಮ ೧೯೪೮ರ ಕಾರ್ಖಾನೆ ಕಾಯಿದೆಯ ೩೨ನೆಯ ಕಲಮು ಸಹ ಎತ್ತರದ ಕೆಲಸಕ್ಕೆ ಬೇಲಿಯನ್ನೇ ಮೊದಲು ಹೆಸರಿಸಿತ್ತು. ಕಟ್ಟಡ ಕಾರ್ಮಿಕರಿಗಾಗಿ ೧೯೯೬ರಲ್ಲಿ ಬೇರೆಯೇ ಕಾಯಿದೆಯಾಯಿತು. ಇವನ್ನು ಒಂದುಗೂಡಿಸುವ ಸಂಹಿತೆಯನ್ನು ಸಂಸತ್ತು ೨೦೨೦ರಲ್ಲಿ ಅಂಗೀಕರಿಸಿತು.

ಈ ಕ್ರಮವನ್ನು ನಮ್ಮ ಮಲೆನಾಡಿನ ಅಡಿಕೆ ತೋಟಕ್ಕೆ ಹಚ್ಚಿ ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕಾದುದು ಮಳೆಗಾಲದಲ್ಲಿ, ಮರವು ಪಾಚಿಗಟ್ಟಿ ಜಾರುವಾಗ. ಕೊನೆಗೌಡನು ಪಾದಕ್ಕೆ ಹಗ್ಗದ ಕುಣಿಕೆ ತೊಟ್ಟು ಏರಿ, ಒಂದು ಮರದ ತಲೆಯಿಂದ ಇನ್ನೊಂದಕ್ಕೆ ಬಾಗಿಸಿಕೊಂಡು ದಾಟುತ್ತಾನೆ. ಇಲ್ಲಿ ಕಟಕಟೆಯಿಲ್ಲ, ಬಲೆಯಿಲ್ಲ. ಬೆಲ್ಟು ಕಟ್ಟೋಣವೆಂದರೆ ಆಧಾರವೂ ಅದೇ ಸಪೂರ ಮರ, ದಾಟುವಾಗ ಅದನ್ನು ಬಿಚ್ಚಲೇಬೇಕು. ಆದುದರಿಂದ ಇಲ್ಲಿ ನಿಜವಾದ ರಕ್ಷಣೆಯು ಮೊದಲನೆಯ ಮಾರ್ಗವೊಂದೇ. ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿರುವ ಕಾರ್ಬನ್ ಫೈಬರಿನ ಹಗುರವಾದ ಉದ್ದ ದೋಟಿಯಿಂದ ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಆದರೆ ಈ ದೋಟಿಯಲ್ಲಿ ವಿದ್ಯುತ್ತು ಹರಿಯುವುದರಿಂದ ತಂತಿಗಳ ಬಳಿ ಅದನ್ನು ಎತ್ತಲೇ ಕೂಡದು.

ಹೀಗಿರಲು, ಆಳಿನ ಕೈಗೆ ಒಂದು ಬೆಲ್ಟನ್ನು ಕೊಟ್ಟು ‘ಜೋಪಾನ’ ಎಂದರೆ ಮಾಲೀಕನ ಕರ್ತವ್ಯ ಮುಗಿಯಲಿಲ್ಲ. ಈ ಕೆಲಸವನ್ನು ನೆಲದಿಂದಲೇ ಮಾಡಬಹುದೆ? ಹಗ್ಗವನ್ನು ಎಲ್ಲಿಗೆ ಕಟ್ಟಬೇಕು? ಬಿದ್ದರೆ ಇಳಿಸುವವರು ಯಾರು? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಯಾರನ್ನೂ ಮೇಲಕ್ಕೆ ಏರಿಸಬಾರದು. ದಿನಗೂಲಿಗೆ ಏರುವವನು ಇವನ್ನು ಕೇಳಿದರೆ ಕೆಲಸ ತಪ್ಪೀತೆಂದು ಅಂಜುತ್ತಾನೆ. ಆದಕಾರಣ ಕೇಳುವ ಹೊಣೆಯು ಓದುಬರಹ ಬಲ್ಲ ನಮ್ಮದು.